ದೊಡ್ಡ ಕಾವಲು ನಾಯಿ ಮೇಲೇಳುತ್ತಿಲ್ಲವೇ? ಕ್ಯಾಲ್ಸಿಯಂ ಕೊಡುವ ಮೊದಲು ನೋಡಬೇಕಾದ್ದು

ತೋಟದ ಗೇಟು ಕಿರ್ ಅಂದರೆ ಸಾಕು, ನಮ್ಮ ಭೈರ ಪಂಪ್‌ಸೆಟ್ ಮನೆಯಿಂದ ಓಡಿ ಬಂದು ನನ್ನ ತೊಡೆಗೆ ತಲೆ ಒರಗಿಸುತ್ತಾನೆ. ಮೂರು ವರ್ಷದ ರಾಟ್‌ವೀಲರ್, ತೂಕ 48 ಕೆಜಿ. ಹೋದ ವರ್ಷ ಏಪ್ರಿಲ್‌ನಲ್ಲಿ ಒಂದು ಬೆಳಿಗ್ಗೆ ಗೇಟು ತೆಗೆದೆ, ಅವನು ಬರಲಿಲ್ಲ. ಹೋಗಿ ನೋಡಿದರೆ ಗೋಡೆ ಪಕ್ಕ ಮಲಗಿದ್ದ. ಹೆಸರು ಹಿಡಿದು ಕರೆದೆ. ಬಾಲವನ್ನು ಎರಡು ಸಲ ನೆಲಕ್ಕೆ ಬಡಿದ. ಮುಂಗಾಲು ಊರಿ ಏಳಲು ನೋಡಿದ, ಸೊಂಟ ಮೇಲೆ ಬರಲಿಲ್ಲ. ಮತ್ತೆ ಮಲಗಿಬಿಟ್ಟ.

ಪಕ್ಕದ ತೋಟದವರು ಬಂದು ನೋಡಿ, "ಅಣ್ಣಾ, ದೊಡ್ಡ ಜಾತಿ ನಾಯಿ ಅಲ್ವಾ, ಮೂಳೆಗೆ ಶಕ್ತಿ ಸಾಲ್ತಿಲ್ಲ. ಕ್ಯಾಲ್ಸಿಯಂ ಹಾಕು, ಎದ್ದು ಓಡಾಡ್ತಾನೆ" ಅಂದರು. ನನಗೂ ಸರಿ ಅನ್ನಿಸಿತು. ನಾಲ್ಕು ದಿನ ಟಾನಿಕ್ ಕುಡಿಸಿದೆ. ಐದನೇ ದಿನ ಅವನ ಮೂಗಿನಿಂದ ರಕ್ತ ತೊಟ್ಟಿಕ್ಕಿತು. ರಕ್ತ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ಅದು ಉಣ್ಣೆ ಹುಳದಿಂದ ಬಂದ ಜ್ವರ. ಮೂಳೆಗೆ ಏನೂ ಆಗಿರಲಿಲ್ಲ. ಆ ನಾಲ್ಕು ದಿನ ಸುಮ್ನೆ ಹಾಳಾದವು.

ನಂದಿ ಬೆಟ್ಟದ ತಪ್ಪಲಿನ ನಮ್ಮ ಕಡೆ ಈಗ ದ್ರಾಕ್ಷಿ ತೋಟ, ಹೂವಿನ ತೋಟ, ಕೋಳಿ ಶೆಡ್ಡು ಎಲ್ಲ ಕಡೆ ದೊಡ್ಡ ಜಾತಿಯ ಕಾವಲು ನಾಯಿಗಳಿವೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಎಲ್ಲಿ ಹೋದರೂ "ನಾಯಿ ಏಳ್ತಿಲ್ಲ, ಏನು ಕೊಡೋದು?" ಅನ್ನುವ ಪ್ರಶ್ನೆ ಕೇಳಿಬರುತ್ತದೆ. ಉತ್ತರ ಮಾತ್ರ ಯಾವಾಗಲೂ ಒಂದೇ: ಕ್ಯಾಲ್ಸಿಯಂ. ಆದರೆ "ಏಳುತ್ತಿಲ್ಲ" ಅನ್ನುವುದು ರೋಗದ ಹೆಸರಲ್ಲ. ಹತ್ತಾರು ತೊಂದರೆಗಳು ಹೊರಗಿನಿಂದ ಹೀಗೇ ಕಾಣುತ್ತವೆ. ಬೋರ್‌ವೆಲ್ ನೀರೆತ್ತದಿದ್ದರೆ ನಾವು ನೇರವಾಗಿ ಮೋಟರ್ ಮೇಲಕ್ಕೆತ್ತುವುದಿಲ್ಲ. ಕರೆಂಟ್ ಇದೆಯಾ, ಫ್ಯೂಸ್ ಸರಿ ಇದೆಯಾ, ಸ್ಟಾರ್ಟರ್ ಹಿಡಿಯುತ್ತಿದೆಯಾ ಎಂದು ಒಂದೊಂದಾಗಿ ನೋಡುತ್ತೇವೆ. ನಾಯಿಗೂ ಹಾಗೆ ನೋಡಬೇಕು. ಗಂಟೆಗಳಲ್ಲಿ ಜೀವ ತೆಗೆಯುವ ತೊಂದರೆ ಇದೆಯಾ ಎಂದು ಮೊದಲು ನೋಡಬೇಕು. ದಿನಗಟ್ಟಲೆ ಬಾಧಿಸುವಂಥದ್ದು ಅದಾದ ಮೇಲೆ. ಮೂಳೆ, ಕೀಲಿನ ಮಾತು ಕೊನೆಗೆ.

ಮೊದಲ ಐದು ನಿಮಿಷ

ಹತ್ತಿರ ಹೋಗುವ ಮುಂಚೆ ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಕರೆದರೆ ಕಣ್ಣು ತಿರುಗಿಸುತ್ತದೆಯೇ? ಗುರುತು ಹಿಡಿಯುತ್ತದೆಯೇ? ಕೆಳದವಡೆ ಜೋತು ಬಿದ್ದಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ನೀರು ನುಂಗಲು ಆಗದಿದ್ದರೆ, ಬೊಗಳುವ ದನಿ ಬದಲಾಗಿದ್ದರೆ ಬಾಯಿಗೆ ಕೈ ಹಾಕಲೇಬೇಡಿ. ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಅಂದುಕೊಂಡು ಕೈ ಹಾಕುವವರೇ ಜಾಸ್ತಿ. ರೇಬೀಸ್ ಬಂದ ನಾಯಿ ಯಾವಾಗಲೂ ಕಚ್ಚುತ್ತಾ ಓಡಾಡುವುದಿಲ್ಲ. ಕೆಲವು ನಾಯಿಗಳು ಹೀಗೆ ಮಂಕಾಗಿ, ಕಾಲು ಸೋತು, ಮೂಲೆಯಲ್ಲಿ ಬಿದ್ದಿರುತ್ತವೆ. ಅನುಮಾನ ಇದ್ದರೆ ಮಕ್ಕಳನ್ನು ದೂರ ಇಟ್ಟು, ನಾಯಿಯನ್ನು ಇದ್ದಲ್ಲೇ ಕೂಡಿಹಾಕಿ ಡಾಕ್ಟರಿಗೆ ಹೇಳಿ. ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅದೇ ದಿನ ನೀವೂ ಲಸಿಕೆಗೆ ಹೋಗಿ.

ಆ ಅನುಮಾನ ಇಲ್ಲವೆಂದರೆ ಹತ್ತಿರ ಹೋಗಿ ನಾಲ್ಕು ವಿಷಯ ನೋಡಿ.

ಮೊದಲು ವಸಡು. ಆರೋಗ್ಯವಾಗಿದ್ದರೆ ಗುಲಾಬಿ ಬಣ್ಣ ಇರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿಕೊಂಡ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಬರಬೇಕು. ರಾಟ್‌ವೀಲರ್ ವಸಡು ಎಷ್ಟೋ ಸಲ ಕಪ್ಪಗೇ ಇರುತ್ತದೆ. ಆಗ ಕೆಳರೆಪ್ಪೆ ಸ್ವಲ್ಪ ಎಳೆದು ಒಳಗಿನ ಬಣ್ಣ ನೋಡಿ. ಬಿಳಿ, ಹಳದಿ, ಇಟ್ಟಿಗೆ ಕೆಂಪು, ಇವುಗಳಲ್ಲಿ ಯಾವುದು ಕಂಡರೂ ಅಂದೇ ಡಾಕ್ಟರ ಬಳಿ ಹೋಗಬೇಕು.

ಎರಡನೆಯದು ಜ್ವರ. ಮೂಗು ಒಣಗಿದೆಯಾ ಒದ್ದೆ ಇದೆಯಾ ಎಂದು ಮುಟ್ಟಿ ನೋಡುವುದರಿಂದ ಏನೂ ತಿಳಿಯುವುದಿಲ್ಲ. ಮೆಡಿಕಲ್ ಅಂಗಡಿಯ ಡಿಜಿಟಲ್ ಥರ್ಮಾಮೀಟರ್ ಒಂದನ್ನು ನಾಯಿಗೇ ಅಂತ ಇಡಿ. ತುದಿಗೆ ಕೊಬ್ಬರಿ ಎಣ್ಣೆ ಸವರಿ ಗುದದ್ವಾರದಲ್ಲಿ ಇಟ್ಟು ನೋಡಬೇಕು. ನಾಯಿಯ ಮೈ ನಮಗಿಂತ ಬಿಸಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 103 ದಾಟಿದರೆ ಜ್ವರ.

ಮೂರನೆಯದು ಉಸಿರು. ನೆರಳಲ್ಲಿ ಸುಮ್ಮನೆ ಮಲಗಿದಾಗ ಪಕ್ಕೆ ಏರಿಳಿಯುವುದನ್ನು ಎಣಿಸಿ. ನಿಮಿಷಕ್ಕೆ 30ರ ಒಳಗೆ ಇರಬೇಕು. ನಾಲ್ಕನೆಯದು ಹೊಟ್ಟೆ. ಕೊನೆಯ ಪಕ್ಕೆಲುಬಿನ ಹಿಂದೆ ಕೈ ಇಟ್ಟು ನೋಡಿ. ಮೆತ್ತಗಿದೆಯೋ, ತಮಟೆಯ ಹಾಗೆ ಬಿಗಿದಿದೆಯೋ?

ಹೊಟ್ಟೆ ಬಿಗಿದಿದ್ದರೆ ಮುಂದಿನದನ್ನು ಓದಬೇಡಿ, ಹೊರಡಿ

ಭೈರನಿಗಿಂತ ಮುಂಚೆ ನಮ್ಮಲ್ಲಿ ರಾಜ ಅಂತ ಗ್ರೇಟ್ ಡೇನ್ ಇದ್ದ. ಒಂದು ರಾತ್ರಿ ಊಟ ಮಾಡಿ, ತೋಟದ ಸುತ್ತ ಹಂದಿ ಅಟ್ಟಿಸಿಕೊಂಡು ಓಡಾಡಿ ಬಂದ. ಹತ್ತು ಗಂಟೆ ಹೊತ್ತಿಗೆ ಕೂರಲೂ ಆಗದೆ ನಿಲ್ಲಲೂ ಆಗದೆ ಒದ್ದಾಡತೊಡಗಿದ. ವಾಂತಿ ಮಾಡಲು ಹೊಟ್ಟೆ ಕಿವುಚುತ್ತಿದ್ದ, ಹೊರಗೆ ಬರುತ್ತಿದ್ದುದು ಬರೀ ನೊರೆ. ಅಜೀರ್ಣ ಇರಬೇಕು, ಬೆಳಿಗ್ಗೆ ನೋಡೋಣ ಅಂದುಕೊಂಡೆವು. ಬೆಳಗಾಗುವ ಹೊತ್ತಿಗೆ ಅವನು ಇರಲಿಲ್ಲ. ಇದನ್ನು ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ದೊಡ್ಡ ಮೈ, ಆಳವಾದ ಎದೆಗೂಡು ಇರುವ ನಾಯಿಗಳಲ್ಲಿ ಹೊಟ್ಟೆ ಗಾಳಿಯಿಂದ ಉಬ್ಬಿ, ಇದ್ದ ಜಾಗದಲ್ಲೇ ತಿರುಚಿಕೊಳ್ಳುತ್ತದೆ. ಎರಡು ತುದಿಯೂ ಕಟ್ಟಿದ ಚೀಲದ ಹಾಗೆ ಆಗುತ್ತದೆ. ಗಾಳಿ ಮೇಲೂ ಹೋಗುವುದಿಲ್ಲ, ಕೆಳಗೂ ಹೋಗುವುದಿಲ್ಲ. ಹೃದಯಕ್ಕೆ ಮರಳುವ ರಕ್ತಕ್ಕೆ ತಡೆಯಾಗಿ, ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಗ್ರೇಟ್ ಡೇನ್‌ಗೆ ಈ ಅಪಾಯ ಎಲ್ಲಕ್ಕಿಂತ ಜಾಸ್ತಿ. ರಾಟ್‌ವೀಲರ್, ಮಾಸ್ಟಿಫ್, ಸೇಂಟ್ ಬರ್ನಾರ್ಡ್, ಜರ್ಮನ್ ಶೆಫರ್ಡ್, ಡಾಬರ್‌ಮನ್‌ಗೂ ಬರುತ್ತದೆ.

ನಾವು ಹಸು ಸಾಕುವವರು ಇಲ್ಲಿ ಒಂದು ತಪ್ಪು ಮಾಡುತ್ತೇವೆ. ಹಸುವಿಗೆ ಹೊಟ್ಟೆ ಉಬ್ಬರ ಬಂದರೆ ಗೊಟ್ಟದಲ್ಲಿ ಎಣ್ಣೆ ಹುಯ್ಯುತ್ತೇವೆ ಅಲ್ವಾ, ನಾಯಿಗೂ ಅದನ್ನೇ ಮಾಡಲು ಹೋಗುತ್ತೇವೆ. ನಾಯಿಗೆ ಅದು ಕೆಲಸ ಮಾಡುವುದಿಲ್ಲ. ಹೊಟ್ಟೆಯ ಬಾಯಿಯೇ ತಿರುಚಿಕೊಂಡಿರುವಾಗ ಎಣ್ಣೆ ಒಳಗೆ ಹೋಗುವುದೆಲ್ಲಿಂದ? ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ಕಷ್ಟ ತರುತ್ತದೆ. ಸೋಡಾ, ಓಮದ ನೀರು, ಗ್ಯಾಸಿನ ಮಾತ್ರೆ ಯಾವುದೂ ಬೇಡ. ಇದಕ್ಕೆ ಗಾಳಿ ತೆಗೆಯಬೇಕು, ಡ್ರಿಪ್ ಹಾಕಬೇಕು, ಆಪರೇಷನ್ ಮಾಡಿ ಹೊಟ್ಟೆಯನ್ನು ಸರಿಯಾದ ಜಾಗಕ್ಕೆ ತಿರುಗಿಸಿ ಪಕ್ಕದ ಗೋಡೆಗೆ ಹೊಲಿಯಬೇಕು. ಹೆಣ್ಣು ನಾಯಿಗೆ ಸಂತಾನಹರಣ ಮಾಡಿಸುವಾಗಲೇ ಮುನ್ನೆಚ್ಚರಿಕೆಯಾಗಿ ಹೀಗೆ ಹೊಲಿಸುವವರೂ ಇದ್ದಾರೆ. ಗ್ರೇಟ್ ಡೇನ್ ಇಟ್ಟುಕೊಂಡವರು ಈ ಬಗ್ಗೆ ಡಾಕ್ಟರನ್ನು ಕೇಳಲೇಬೇಕು ಎಂದು ನಾನು ಹೇಳುತ್ತೇನೆ.

ಸಣ್ಣ ಪಶು ಆಸ್ಪತ್ರೆಯಲ್ಲಿ ಈ ಆಪರೇಷನ್‌ಗೆ ಅನುಕೂಲ ಇರುವುದು ಕಷ್ಟ. ಚಿಕ್ಕಬಳ್ಳಾಪುರದಿಂದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೆದ್ದಾರಿಯಲ್ಲಿ ಸುಮಾರು 50 ಕಿ.ಮೀ. ರಾತ್ರಿ ಯಾವ ಆಸ್ಪತ್ರೆ ತೆಗೆದಿರುತ್ತದೆ, ಅಲ್ಲಿ ಹೊಟ್ಟೆ ಆಪರೇಷನ್ ಮಾಡುತ್ತಾರಾ ಎಂದು ನಾಯಿ ಚೆನ್ನಾಗಿರುವಾಗಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಹೊರಟಾಗ ದಾರಿಯಿಂದಲೇ ಫೋನ್ ಮಾಡಿ, ಬರುತ್ತಿದ್ದೇವೆ ಎಂದು ತಿಳಿಸಿ.

ತಡೆಯುವುದಕ್ಕೆ ಮಾಡಬಹುದಾದ್ದು: ದಿನಕ್ಕೆ ಒಂದೇ ಸಲ ಬೋಗುಣಿ ತುಂಬ ಹಾಕುವುದನ್ನು ಬಿಟ್ಟು ಎರಡು ಮೂರು ಸಲ ಹಂಚಿ ಹಾಕಿ. ಗಬಗಬ ತಿನ್ನುವ ನಾಯಿಯಾದರೆ ಊಟವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಕೊಡಿ. ತಿಂದ ಮೇಲೆ ಒಂದು ಗಂಟೆಯಾದರೂ ಕಟ್ಟಿಹಾಕಿ.

ಬಿಸಿಲು

ಕಪ್ಪು ಮೈ, ದಪ್ಪ ಕೂದಲು, ಮೇಲೆ ಶೀಟ್ ಹೊದಿಸಿದ ಗೂಡು. ಮಾರ್ಚ್‌ನಿಂದ ಮೇವರೆಗೆ ಗೌರಿಬಿದನೂರು, ಬಾಗೇಪಲ್ಲಿ ಕಡೆ ಮಧ್ಯಾಹ್ನದ ಬಿಸಿಲಿಗೆ ಇಂಥ ಗೂಡು ಒಲೆಯಂತೆ ಕಾಯುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಿ ತಂಪಾಗಲು ಆಗುವುದಿಲ್ಲ. ಏದುಸಿರು ಬಿಟ್ಟೇ ಬಿಸಿ ಹೊರಹಾಕಬೇಕು. ಜೋರಾಗಿ ಏದುಸಿರು ಬಿಡುತ್ತಾ, ಜೊಲ್ಲು ಅಂಟಂಟಾಗಿ, ನಾಲಿಗೆ ಕಡುಕೆಂಪಾಗಿ, ತೂರಾಡಿ ಬಿದ್ದಿದ್ದರೆ ಅದು ಶಾಖದ ಹೊಡೆತ.

ತಕ್ಷಣ ನೆರಳಿಗೆ ತಂದು ಬೋರ್‌ವೆಲ್ ನೀರಿನ ಪೈಪು ಹಿಡಿಯಿರಿ. ಹೊಟ್ಟೆ, ತೊಡೆ ಸಂದಿ, ಕಂಕುಳಿಗೆ ಚೆನ್ನಾಗಿ ನೀರು ಬೀಳಲಿ, ಜೊತೆಗೆ ಫ್ಯಾನ್ ಹಾಕಿ. ಒದ್ದೆ ಗೋಣಿಚೀಲ ಹೊದಿಸಿ ಬಿಟ್ಟುಬಿಡಬೇಡಿ, ಅದರೊಳಗೆ ಬಿಸಿ ಕೂಡಿಕೊಳ್ಳುತ್ತದೆ. ಥರ್ಮಾಮೀಟರ್ 103.5ಕ್ಕೆ ಇಳಿದಾಗ ನೀರು ನಿಲ್ಲಿಸಿ, ಇಲ್ಲದಿದ್ದರೆ ಮೈ ಅತಿಯಾಗಿ ತಣ್ಣಗಾಗುತ್ತದೆ. ಎದ್ದು ನಿಂತ ಅಂತ ಮನೆಯಲ್ಲೇ ಉಳಿಯಬೇಡಿ. ಮೂತ್ರಪಿಂಡಕ್ಕೆ, ರಕ್ತ ಹೆಪ್ಪುಗಟ್ಟುವ ಶಕ್ತಿಗೆ ಆದ ಪೆಟ್ಟು ಒಂದೆರಡು ದಿನ ಕಳೆದ ಮೇಲೂ ತೋರಬಹುದು.

ವಿಷ ಮತ್ತು ಹಾವು

ತೋಟದ ನಾಯಿ ಏಕಾಏಕಿ ಕುಸಿದರೆ, ಹಿಂದಿನ ದಿನ ಏನು ಸಿಂಪಡಿಸಿದ್ದು ಎಂದು ಮೊದಲು ಕೇಳಿಕೊಳ್ಳಿ. ಕೆಲವು ಕೀಟನಾಶಕಗಳು ಮೈಗೆ ಸೇರಿದರೆ ಜೊಲ್ಲು, ಕಣ್ಣೀರು, ಭೇದಿ, ಮೈ ಅದುರುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಆಮೇಲೆ ಕಾಲು ಸೋಲುವುದು ಕಾಣುತ್ತದೆ. ಔಷಧಿಯ ಡಬ್ಬಿಯನ್ನು ಜೊತೆಯಲ್ಲೇ ಒಯ್ಯಿರಿ. ಚೀಟಿ ನೋಡಿದರೆ ಡಾಕ್ಟರಿಗೆ ಪ್ರತಿವಿಷ ಯಾವುದೆಂದು ಬೇಗ ತಿಳಿಯುತ್ತದೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಆ ಉಪ್ಪೇ ವಿಷವಾಗಬಹುದು. ಇಲಿ ಪಾಷಾಣದಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಜಾತಿಯೂ ಇದೆ. ಅದು ತಿಂದ ಮೂರು ನಾಲ್ಕು ದಿನದ ಮೇಲೆ ಒಳಗೇ ರಕ್ತ ಸೋರಿ ನಾಯಿ ಬಿಳಿಚಿಕೊಂಡು ಮಲಗುತ್ತದೆ. ಅಷ್ಟು ಹೊತ್ತಿಗೆ ಇಲಿಗೆ ಇಟ್ಟಿದ್ದು ನಮಗೇ ಮರೆತಿರುತ್ತದೆ.

ನಮ್ಮ ಕಡೆಯವರು ಮುಖ್ಯವಾಗಿ ತಿಳಿಯಬೇಕಾದ್ದು ದ್ರಾಕ್ಷಿ ಹಣ್ಣಿನ ವಿಷಯ. ಬೆಂಗಳೂರು ನೀಲಿ ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಚಪ್ಪರದ ಕೆಳಗೆ ಉದುರಿದ ಹಣ್ಣು ರಾಶಿ ಬಿದ್ದಿರುತ್ತದೆ. ಕೂಲಿಗೆ ಬಂದ ಹುಡುಗರು ಪ್ರೀತಿಯಿಂದ ಗೊಂಚಲು ಎಸೆಯುತ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಮೂತ್ರಪಿಂಡವನ್ನು ಕೆಡಿಸಬಲ್ಲವು. ಒಂದು ನಾಯಿ ತಿಂದು ಆರಾಮಾಗಿ ಇರಬಹುದು, ಇನ್ನೊಂದು ಸ್ವಲ್ಪ ತಿಂದರೂ ಸಾಯಬಹುದು. ಇಷ್ಟು ತಿಂದರೆ ಪರವಾಗಿಲ್ಲ ಅನ್ನುವ ಲೆಕ್ಕ ಇಲ್ಲ. ತಿಂದ ದಿನವೇ ವಾಂತಿ, ಮಂಕು. ಎರಡು ಮೂರು ದಿನದಲ್ಲಿ ಮೂತ್ರ ಕಡಿಮೆಯಾಗಿ ಪೂರ್ತಿ ಸೋತು ಮಲಗುತ್ತದೆ. ತಿಂದದ್ದು ಕಂಡ ಕೂಡಲೇ ಹೋದರೆ ಡಾಕ್ಟರು ವಾಂತಿ ಮಾಡಿಸಿ ಹೊರತೆಗೆಯಬಹುದು. ಕೊಯ್ಲಿನ ವಾರಗಳಲ್ಲಿ ನಾನು ಭೈರನನ್ನು ಹಗಲು ಹೊತ್ತು ಚಪ್ಪರದ ಹೊರಗೇ ಕಟ್ಟುತ್ತೇನೆ. ಕೂಲಿಯವರಿಗೂ ಕೂರಿಸಿ ಹೇಳಿದ್ದೇನೆ.

ಹಾವಿನ ಕಡಿತ ಹೆಚ್ಚಾಗಿ ಮುಖಕ್ಕೆ ಅಥವಾ ಮುಂಗಾಲಿಗೆ ಬೀಳುತ್ತದೆ, ಕಾವಲು ನಾಯಿ ಮುಂದೆ ನುಗ್ಗುವುದೇ ಅದಕ್ಕೆ ಕಾರಣ. ಕೊಳಕುಮಂಡಲ ಕಚ್ಚಿದರೆ ಆ ಜಾಗ ಊದಿ ರಕ್ತ ಜಿನುಗುತ್ತದೆ. ನಾಗರಹಾವು, ಕಟ್ಟುಹಾವು ಕಚ್ಚಿದರೆ ರೆಪ್ಪೆ ಇಳಿಬಿದ್ದು, ಕಾಲು ಸೋತು, ಉಸಿರು ಕಟ್ಟುತ್ತದೆ. ಕಟ್ಟುಹಾವಿನ ಗಾಯ ಕಾಣಿಸದೇ ಇರಬಹುದು. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ನಡೆಸಬೇಡಿ. ಹೊತ್ತುಕೊಂಡು ಹೋಗಿ.

ಜ್ವರ ಇದ್ದು, ಊಟ ಬಿಟ್ಟು, ಮಂಕಾಗಿದ್ದರೆ: ಉಣ್ಣೆ ಜ್ವರ

ಇಲ್ಲಿಯವರೆಗೆ ಹೇಳಿದ್ದು ಯಾವುದೂ ಹೊಂದದಿದ್ದರೆ, ನಮ್ಮ ಸೀಮೆಯಲ್ಲಿ ಮುಂದಿನ ಅನುಮಾನ ಇದೇ ಆಗಿರಬೇಕು. ಕಂದು ಬಣ್ಣದ ನಾಯಿ ಉಣ್ಣೆ ರಕ್ತ ಹೀರುವಾಗ ಎರ್ಲಿಕಿಯಾ ಎಂಬ ರೋಗಾಣುವನ್ನು ಒಳಗೆ ಬಿಡುತ್ತದೆ. ಒಂದರಿಂದ ಮೂರು ವಾರದಲ್ಲಿ ಜ್ವರ ಬರುತ್ತದೆ. ಊಟ ಬೇಡ. ಕತ್ತಿನ ಕೆಳಗೆ, ಮೊಣಕಾಲ ಹಿಂದೆ ಗಂಟು ಊದುತ್ತದೆ. ಕೀಲುಗಳಲ್ಲಿ ನೋವು ಬಂದು ನಾಯಿ ಮೇಲೇಳಲು ಹಿಂಜರಿಯುತ್ತದೆ, ಇವತ್ತು ಈ ಕಾಲು ಕುಂಟಿದರೆ ನಾಳೆ ಇನ್ನೊಂದು. ಇದನ್ನು ನೋಡಿಯೇ ಎಲ್ಲರೂ ಮೂಳೆ ಸವೆದಿದೆ ಅನ್ನುವುದು.

ಭೈರನ ಹೊಟ್ಟೆಯ ಕೂದಲಿಲ್ಲದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಗಳಿದ್ದವು. ಮೊದಲ ದಿನವೇ ಅವನನ್ನು ಮಗ್ಗುಲು ತಿರುಗಿಸಿ ನೋಡಿದ್ದರೆ ನನಗೂ ಕಾಣುತ್ತಿತ್ತು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆಯಾದಾಗ ಚರ್ಮದ ಕೆಳಗೆ ಹೀಗೆ ರಕ್ತ ಜಿನುಗುತ್ತದೆ. ಆರೋಗ್ಯವಾಗಿರುವ ನಾಯಿಗೆ ಸುಮಾರು 2 ಲಕ್ಷದಿಂದ 5 ಲಕ್ಷ ಇರುತ್ತದೆ. ಅವನಿಗೆ 22 ಸಾವಿರಕ್ಕೆ ಇಳಿದಿತ್ತು.

ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ, ವಸಡು ಬಿಳಿ ಅಥವಾ ಹಳದಿ ಆಗಿದ್ದರೆ ಬೆಬೀಸಿಯಾ ಎಂಬ ಇನ್ನೊಂದು ರೋಗಾಣು ಇರಬಹುದು. ಅದೂ ಉಣ್ಣೆಯಿಂದಲೇ ಬರುವುದು, ಆದರೆ ಔಷಧಿ ಬೇರೆ. ಎರಡೂ ಒಟ್ಟಿಗೆ ಬರುವುದೂ ಉಂಟು. ಅದಕ್ಕೇ ರಕ್ತ ಪರೀಕ್ಷೆ ಬೇಕು ಅನ್ನುವುದು. ಸ್ಲೈಡಿನಲ್ಲಿ ರೋಗಾಣು ಕಾಣಲಿಲ್ಲ ಅಂದ ಮಾತ್ರಕ್ಕೆ ರೋಗ ಇಲ್ಲ ಎಂದಲ್ಲ. ಪ್ಲೇಟ್‌ಲೆಟ್ ಲೆಕ್ಕ, ಹಿಮೋಗ್ಲೋಬಿನ್, ನಾಯಿಯ ಲಕ್ಷಣ ಎಲ್ಲ ಸೇರಿಸಿ ಡಾಕ್ಟರು ತೀರ್ಮಾನ ಮಾಡುತ್ತಾರೆ.

ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 28 ದಿನ ಬರೆಯುತ್ತಾರೆ. ಮೂರನೇ ದಿನಕ್ಕೇ ಭೈರ ಎದ್ದು ಗೇಟಿನವರೆಗೆ ಬಂದ. ಅಲ್ಲಿಗೆ ಮಾತ್ರೆ ನಿಲ್ಲಿಸಲು ಮನಸ್ಸಾಗುತ್ತದೆ. ನಿಲ್ಲಿಸಿದರೆ ರೋಗ ಒಳಗೇ ಅಡಗಿ ಕೂತು ತಿಂಗಳುಗಳ ಮೇಲೆ ಇನ್ನೂ ಕೆಟ್ಟದಾಗಿ ಬರಬಹುದು. ಇನ್ನೊಂದು ಮಾತು: ಈ ಮಾತ್ರೆಯ ಜೊತೆಗೇ ಕ್ಯಾಲ್ಸಿಯಂ ಕೊಟ್ಟರೆ ಎರಡೂ ಅಂಟಿಕೊಂಡು ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಹಾಗಾಗಿ ಮನೆಯಲ್ಲಿದ್ದ ಟಾನಿಕ್ ಬಾಟ್ಲಿ ಬೇಡವಾದ್ದು ಮಾತ್ರವಲ್ಲ, ಅದು ಔಷಧಿಗೇ ಅಡ್ಡ ಬರುತ್ತಿತ್ತು.

ಉಣ್ಣೆ ನೋಡುವುದು ಎಲ್ಲಿ? ಕಿವಿಯ ಒಳಗೆ, ಬೆರಳ ಸಂದಿ, ಕೊರಳಪಟ್ಟಿಯ ಕೆಳಗೆ, ತೊಡೆ ಸಂದಿ, ಬಾಲದ ಬುಡ. ಆದರೆ ನಾಯಿಯ ಮೈಮೇಲೆ ಕಾಣುವುದು ಸ್ವಲ್ಪವೇ. ರಕ್ತ ಕುಡಿದ ಹೆಣ್ಣುಣ್ಣೆ ಕೆಳಗೆ ಬಿದ್ದು, ಗೋಡೆ ಹತ್ತಿ, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಮ್ಮ ಪಂಪ್‌ಸೆಟ್ ಮನೆಯ ಕಲ್ಲುಗೋಡೆಯ ಸಂದಿಗಳಲ್ಲಿ ಟಾರ್ಚ್ ಬಿಟ್ಟು ನೋಡಿದಾಗ ಎದೆ ಧಸಕ್ಕೆಂದಿತು. ಸಂದಿಗಳಿಗೆಲ್ಲ ಸಿಮೆಂಟ್ ಮೆತ್ತಿಸಿದೆ. ಡಾಕ್ಟರು ಹೇಳಿದ ಔಷಧಿಯನ್ನು ಗೋಡೆಗೆ ಹೊಡೆಸಿದೆ. ಮೊಟ್ಟೆ ಒಡೆದು ಬರುವ ಮರಿಗಳಿಗಾಗಿ ಎರಡು ವಾರ ಬಿಟ್ಟು ಮತ್ತೆ ಹೊಡೆಸಿದೆ. ಸಿಂಪಡಿಸಿದ್ದು ಪೂರ್ತಿ ಒಣಗುವವರೆಗೆ ನಾಯಿಯನ್ನು ಒಳಗೆ ಬಿಡಬಾರದು.

ಮೈಗೆ ಹಾಕುವ ಔಷಧಿಯಲ್ಲಿ ಎರಡು ಎಚ್ಚರಿಕೆ. ಹಸುವಿನ ಉಣ್ಣೆಗೆ ತಂದದ್ದನ್ನು ಅಂದಾಜಿನ ಮೇಲೆ ನಾಯಿಗೆ ಹಚ್ಚಬೇಡಿ, ಚುಚ್ಚಿಸಬೇಡಿ. ಮತ್ತೆ, ನಾಯಿಯ ತೂಕ ನಿಜವಾಗಿ ತಿಳಿದಿರಬೇಕು. ಒಂದು ತಿಂಗಳು, ಮೂರು ತಿಂಗಳು ಕೆಲಸ ಮಾಡುವ ಮಾತ್ರೆಗಳೆಲ್ಲ ತೂಕದ ಲೆಕ್ಕದಲ್ಲಿ ಬರುತ್ತವೆ. 48 ಕೆಜಿ ನಾಯಿಗೆ 30 ಕೆಜಿ ಮಾತ್ರೆ ಕೊಟ್ಟರೆ ದುಡ್ಡೂ ಹೋಯಿತು, ಉಣ್ಣೆಯೂ ಉಳಿಯಿತು. ದ್ರಾಕ್ಷಿ ಕ್ರೇಟ್ ತೂಗುವ ತಕ್ಕಡಿಯ ಮೇಲೆ ಭೈರನನ್ನು ನಿಲ್ಲಿಸಿ ತೂಗುತ್ತೇವೆ. ಹಿಂದೆ ಫಿಟ್ಸ್ ಬಂದ ನಾಯಿಯಾದರೆ ಈ ಮಾತ್ರೆ ಕೊಡುವ ಮುಂಚೆ ಡಾಕ್ಟರಿಗೆ ಹೇಳಿ.

ಜ್ವರ ಇಲ್ಲ, ಊಟ ಸರಿ ಇದೆ, ಕಾಲು ಮಾತ್ರ ತೊಂದರೆ

ಮೊದಲು ಅಂಗಾಲು, ಉಗುರು, ಬೆರಳ ಸಂದಿ ನೋಡಿ. ಜಾಲಿ ಮುಳ್ಳು, ಚಪ್ಪರದ ತಂತಿ ತುಂಡು, ಕಾದ ಸಿಮೆಂಟಿನ ಮೇಲೆ ನಡೆದು ಸುಟ್ಟ ಗಾಯ, ಇಂಥ ಸಣ್ಣ ಕಾರಣವೇ ಎಷ್ಟೋ ಸಲ ಇರುತ್ತದೆ.

ಆಮೇಲೆ ಒಂದು ಸುಲಭ ಪರೀಕ್ಷೆ. ಇಬ್ಬರು ಸೇರಿ ನಾಯಿಯನ್ನು ಹೊಟ್ಟೆ ಕೆಳಗೆ ಆನಿಸಿ ನಿಲ್ಲಿಸಿ. ಒಂದು ಹಿಂಗಾಲಿನ ಪಾದವನ್ನು ಮಡಚಿ, ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಿ. ನರ ಸರಿ ಇದ್ದರೆ ಕೂಡಲೇ ಪಾದವನ್ನು ತಿರುಗಿಸಿ ಸರಿಯಾಗಿ ಇಡುತ್ತದೆ. ಮಡಚಿದ ಹಾಗೇ ಬಿಟ್ಟರೆ ತೊಂದರೆ ಬೆನ್ನುಹುರಿಯಲ್ಲಿ ಅಥವಾ ನರದಲ್ಲಿದೆ. ಅದಕ್ಕೆ ತಡ ಮಾಡಬಾರದು. ಪಾದ ತಿರುಗಿಸಿಕೊಂಡಿತು, ಆದರೆ ಭಾರ ಹಾಕುತ್ತಿಲ್ಲ ಅಂದರೆ ನೋವು ಮೂಳೆ ಅಥವಾ ಕೀಲಿನದ್ದು. ಇಲ್ಲಿಂದ ವಯಸ್ಸು ನೋಡಬೇಕು.

ಐದು ತಿಂಗಳಿಂದ ಒಂದೂವರೆ ವರ್ಷದೊಳಗಿನ ನಾಯಿ ಒಂದು ವಾರ ಮುಂಗಾಲು, ಇನ್ನೊಂದು ವಾರ ಹಿಂಗಾಲು ಕುಂಟಿದರೆ, ಅದು ಬೆಳೆಯುವ ಮೂಳೆಯ ಒಳಗಿನ ಉರಿ ಇರಬಹುದು. ಕಾಲ ಕಳೆದಂತೆ ತಾನಾಗಿ ಹೋಗುತ್ತದೆ. ಆದರೆ ಉಣ್ಣೆ ಜ್ವರವೂ ಕಾಲು ಬದಲಿಸಿ ಕುಂಟಿಸುತ್ತದೆ, ಹಾಗಾಗಿ ರಕ್ತ ಪರೀಕ್ಷೆ ಮಾಡಿಸದೆ ಹೀಗೆಂದು ಹೇಳಲಾಗದು. ಮೊಲದ ಹಾಗೆ ಎರಡು ಹಿಂಗಾಲು ಒಟ್ಟಿಗೆ ಎತ್ತಿ ಓಡುವುದು, ನಡೆವಾಗ ಸೊಂಟ ತೂಗುವುದು, ಮೆಟ್ಟಿಲಿಗೆ ಹೆದರುವುದು, ಮಲಗಿ ಎದ್ದಾಗ ಬಿಗಿದಿದ್ದು ನಡೆದ ಮೇಲೆ ಸಡಿಲವಾಗುವುದು ಸೊಂಟದ ಕೀಲಿನ ದೋಷದ ಗುರುತು. ಇದು ಹೆಚ್ಚಾಗಿ ತಂದೆ ತಾಯಿಯಿಂದ ಬರುತ್ತದೆ, ತೂಕ ಜಾಸ್ತಿಯಾದರೆ ಬೇಗ ಕೆಡುತ್ತದೆ. ಎಕ್ಸ್‌ರೇ ತೆಗೆಸಿದರೆ ತಿಳಿಯುತ್ತದೆ.

ಚೆನ್ನಾಗಿ ಓಡುತ್ತಿದ್ದ ದೊಡ್ಡ ನಾಯಿ ಒಮ್ಮೆಲೇ ಒಂದು ಹಿಂಗಾಲಿನ ಬೆರಳ ತುದಿ ಮಾತ್ರ ಊರುತ್ತಾ, ಕೂರುವಾಗ ಆ ಕಾಲನ್ನು ಪಕ್ಕಕ್ಕೆ ಚಾಚಿ ಕೂತರೆ ಮೊಣಕಾಲಿನ ಒಳಗಿನ ನಾರು ಹರಿದಿರಬೇಕು. ರಾಟ್‌ವೀಲರ್‌ಗಳಲ್ಲಿ ಇದು ಜಾಸ್ತಿ. ಆರೇಳು ವರ್ಷ ದಾಟಿದ ನಾಯಿಗೆ ಮುಂಗಾಲಿನ ಮಣಿಕಟ್ಟಿನ ಮೇಲೆ ಗಟ್ಟಿ ಊತ ಬಂದು, ವಾರದಿಂದ ವಾರಕ್ಕೆ ಕುಂಟು ಹೆಚ್ಚಾಗುತ್ತಿದ್ದರೆ ಎಕ್ಸ್‌ರೇ ಮುಂದೂಡಬೇಡಿ. ಮೂಳೆಯ ಕ್ಯಾನ್ಸರ್ ದೊಡ್ಡ ನಾಯಿಗಳನ್ನೇ ಹುಡುಕಿಕೊಂಡು ಬರುತ್ತದೆ.

ಯಾವ ಕುಂಟಿಗೂ ನಮ್ಮ ಮನೆಯ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಪ್ಯಾರಾಸಿಟಮಾಲ್ ಯಕೃತ್ತಿಗೆ ಕೆಟ್ಟದ್ದು.

ಹಾಗಾದರೆ ಕ್ಯಾಲ್ಸಿಯಂ ಯಾವಾಗ?

ಪಕ್ಕದ ತೋಟದವರ ಮಾತು ಪೂರ್ತಿ ಸುಳ್ಳಲ್ಲ. ಬರೀ ಅನ್ನ, ಕೋಳಿ ಮಾಂಸ ತಿಂದು ಬೆಳೆದ ಮರಿಗೆ ನಿಜವಾಗಿಯೂ ಕ್ಯಾಲ್ಸಿಯಂ ಸಾಲುವುದಿಲ್ಲ. ಮಾಂಸದಲ್ಲಿ ರಂಜಕ ತುಂಬಾ, ಕ್ಯಾಲ್ಸಿಯಂ ತೀರಾ ಕಡಿಮೆ. ಅಂಥ ಮರಿಯ ಮೂಳೆ ಟೊಳ್ಳಾಗಿ, ಕಾಲು ಸೊಟ್ಟಗಾಗುತ್ತದೆ. ಆದರೆ ಒಳ್ಳೆಯ ಪಪ್ಪಿ ಫುಡ್ ತಿನ್ನುವ ಮರಿಗೆ ಮೇಲಿಂದ ಟಾನಿಕ್ ಸುರಿದರೆ ಅದೂ ಕೆಡುಕೇ. ಆರು ತಿಂಗಳೊಳಗಿನ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಕೊಟ್ಟದ್ದೆಲ್ಲ ಒಳಗೆ ಹೋಗಿ ಮೂಳೆಯ ತುದಿಯ ಮೆದುಮೂಳೆ ಸರಿಯಾಗಿ ಬಲಿಯುವುದಿಲ್ಲ. ದೊಡ್ಡ ಜಾತಿಯ ಮರಿಗಳಿಗೆ ಈ ಪೆಟ್ಟು ಜಾಸ್ತಿ.

ಅದಕ್ಕೇ ಮರಿಗೆ ದೊಡ್ಡ ಜಾತಿಯ ಮರಿಗಳಿಗೆಂದೇ ಮಾಡಿದ ಆಹಾರ ಕೊಟ್ಟರೆ ಸಾಕು. ಮನೆ ಊಟವೇ ಹಾಕುವುದಾದರೆ ಡಾಕ್ಟರ ಹತ್ತಿರ ಲೆಕ್ಕ ಕೇಳಿ ಹಾಕಿ. ನಮ್ಮ ಮನೆಗಳಲ್ಲಿ ಮುದ್ದೆ ಇದ್ದೇ ಇರುತ್ತದೆ. ರಾಗಿಯಲ್ಲಿ ಅಕ್ಕಿಗಿಂತ ಎಷ್ಟೋ ಪಟ್ಟು ಕ್ಯಾಲ್ಸಿಯಂ ಇದೆ. ಆದರೂ ಬರೀ ಮುದ್ದೆ, ಸಾರಿನಿಂದ ದೊಡ್ಡ ನಾಯಿಯ ಹೊಟ್ಟೆ ತುಂಬುತ್ತದೆಯೇ ಹೊರತು ಮಾಂಸಖಂಡ ಕಟ್ಟುವುದಿಲ್ಲ. ಮೊಟ್ಟೆಯೋ ಮಾಂಸವೋ ಜೊತೆಗೆ ಬೇಕು. ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇದ್ದರೆ ಅದನ್ನು ಹಾಕಬೇಡಿ, ಅವು ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ಮರಿಯನ್ನು ದಪ್ಪ ಮಾಡಿ ತೋರಿಸುವ ಆಸೆ ಬಿಡಿ. ಪಕ್ಕೆಯ ಮೇಲೆ ಕೈಯಾಡಿಸಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕು.

ಆಸ್ಪತ್ರೆಗೆ ಒಯ್ಯುವಾಗ

50 ಕೆಜಿ ನಾಯಿಯನ್ನು ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ದಪ್ಪ ಬೆಡ್‌ಶೀಟ್ ಮೇಲೆ ಜಾರಿಸಿ, ನಾಲ್ಕು ಮೂಲೆ ಹಿಡಿದು ಎತ್ತಿ. ಬೆನ್ನಿಗೆ ಪೆಟ್ಟಾಗಿರುವ ಅನುಮಾನ ಇದ್ದರೆ ಹಲಗೆಯೇ ಬೇಕು. ಎಷ್ಟು ಸಾಧು ನಾಯಿಯಾದರೂ ನೋವಿನಲ್ಲಿ ಕಚ್ಚುತ್ತದೆ, ಬಾಯಿಗೆ ಬಟ್ಟೆ ಪಟ್ಟಿ ಕಟ್ಟಿ. ವಾಂತಿ ಮಾಡುತ್ತಿದ್ದರೆ, ಉಸಿರಿಗೆ ಒದ್ದಾಡುತ್ತಿದ್ದರೆ, ಬಿಸಿಲಿಗೆ ಬಿದ್ದಿದ್ದರೆ ಮಾತ್ರ ಬಾಯಿ ಕಟ್ಟಬಾರದು. ವಾಹನ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ ಪಶು ಚಿಕಿತ್ಸಾ ವಾಹನ ಬರುತ್ತದೆಯೇ ಕೇಳಿ.

ಡಾಕ್ಟರು ಕೇಳುವುದು ಇಷ್ಟು: ಯಾವಾಗಿನಿಂದ, ಕೊನೆಯ ಊಟ ಯಾವಾಗ, ಮೂತ್ರದ ಬಣ್ಣ ಏನು, ಜ್ವರ ಎಷ್ಟಿತ್ತು, ಉಣ್ಣೆಯ ಔಷಧಿ ಕೊನೆಗೆ ಕೊಟ್ಟದ್ದು ಯಾವಾಗ, ರೇಬೀಸ್ ಮತ್ತು ಉಳಿದ ಲಸಿಕೆ ಆಗಿದೆಯಾ, ಮನೆಯಲ್ಲಿ ಏನು ಕೊಟ್ಟಿದ್ದೀರಿ. ಕೊನೆಯ ಪ್ರಶ್ನೆಗೆ ಬೈಸಿಕೊಳ್ಳುವ ಭಯಕ್ಕೆ ಸುಳ್ಳು ಹೇಳಬೇಡಿ. ನಾನು ಟಾನಿಕ್ ವಿಷಯ ಹೇಳಿದ್ದಕ್ಕೇ ಡಾಕ್ಟರು ಅದನ್ನು ನಿಲ್ಲಿಸಿದ್ದು.

ಕುಂಟುವ ನಾಯಿ ಆಸ್ಪತ್ರೆಯ ಗಾಬರಿಯಲ್ಲಿ ನೆಟ್ಟಗೆ ನಡೆದುಬಿಡುವುದೂ ಉಂಟು. ಮನೆಯಲ್ಲೇ ಹಿಂದಿನಿಂದ, ಪಕ್ಕದಿಂದ ಒಂದೊಂದು ವಿಡಿಯೋ ತೆಗೆದಿಟ್ಟುಕೊಳ್ಳಿ. ಆರೋಗ್ಯವಾಗಿದ್ದಾಗಿನ ನಡಿಗೆಯದ್ದೂ ಒಂದು ಇದ್ದರೆ ಹೋಲಿಸಲು ಆಗುತ್ತದೆ. ಈಗ ಪ್ರತಿ ತಿಂಗಳ ಒಂದನೇ ತಾರೀಕು ನನ್ನ ಮಗಳು ಭೈರನನ್ನು ಕ್ರೇಟ್ ತಕ್ಕಡಿಯ ಮೇಲೆ ನಿಲ್ಲಿಸುತ್ತಾಳೆ, ಕಿವಿ ಮತ್ತು ಬೆರಳ ಸಂದಿ ನೋಡುತ್ತಾಳೆ, ಗೇಟಿನಿಂದ ಪಂಪ್‌ಸೆಟ್ ಮನೆವರೆಗೆ ನಡೆಸಿ ವಿಡಿಯೋ ತೆಗೆಯುತ್ತಾಳೆ. ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುತ್ತಾಳೆ. ಈ ತಿಂಗಳು 47.5 ಕೆಜಿ, ಉಣ್ಣೆ ಒಂದೂ ಇಲ್ಲ.